ಸುಲೋಚನ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದವನು ಪಂಪನನ್ನೋ ಕೇಶಿರಾಜನನ್ನೋ ಕುರಿತು ಬರೆದಾನೆಂದು ಅವರು ಎಣಿಸಿದ್ದಿರಬೇಕು. ಅಣ್ಣಿಗೇರಿಯ ನೆರೆಯಲ್ಲಿ ಬಾಳುವವನಿಗೆ ಪಂಪನ ಮಾತು ಸಹಜವೂ ಹೌದು. ಆದರೆ ಕಳೆದ ಎರಡು ವರ್ಷಗಳಿಂದ ನನ್ನ ಮನೆಯಲ್ಲಿ ಕಾವ್ಯಕ್ಕಿಂತ ಹೆಚ್ಚಾಗಿ ಚರ್ಚೆಗೆ ಬಂದ ವಸ್ತುವೆಂದರೆ ಕನ್ನಡಕ. ನನ್ನ ಮಗಳು ತನ್ನ ಕನ್ನಡಕವನ್ನು ಹಾಗೆಯೇ ಇಟ್ಟುಕೊಳ್ಳಬೇಕೆ, ಕಣ್ಣಿನ ಮೇಲೆಯೇ ಕೂಡುವ ಮಸೂರವನ್ನು ಧರಿಸಬೇಕೆ, ಇಲ್ಲವೆ ಲೇಸರ್ ಕಿರಣದ ಚಿಕಿತ್ಸೆಯಿಂದ ಅದನ್ನು ಬಿಟ್ಟೇಬಿಡಬೇಕೆ ಎಂಬ ಪ್ರಶ್ನೆ ಅದು. ಈ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ, ವಿಶೇಷವಾಗಿ ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಎದ್ದಿರುವುದರಿಂದ, ಇದನ್ನು ಬರೆಯುವುದು ಅನುಚಿತವಾಗಲಾರದೆಂದು ಭಾವಿಸಿದ್ದೇನೆ.

ಮೊದಲು ಪದದ ಮಾತು. ವೃತ್ತಿಧರ್ಮವನ್ನು ವಾಚಕರು ಮನ್ನಿಸಬೇಕು. ಪುಸ್ತಕದ ಕನ್ನಡದಲ್ಲಿ ನಾವು ‘ಕನ್ನಡಕ’ವೆನ್ನುತ್ತೇವೆ, ಅದು ಕನ್ನಡಿಯ ಬಳಗದ ಪದ. ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲಿರುವುದು ‘ಚಸ್ಮಾ’. ಆದರೆ ನನ್ನ ಬಾಲ್ಯದಲ್ಲಿ ಹಿರಿಯರು ಬಳಸುತ್ತಿದ್ದ ಪದ ‘ಚಾಳೀಸು’. ಚಾಳೀಸು ಎಂದರೆ ನಲವತ್ತು. ನಲವತ್ತು ತುಂಬಿದವನ ಕಣ್ಣು ಹತ್ತಿರದ ಅಕ್ಷರವನ್ನು ಹಿಡಿಯಲಾರದೆಂಬ ಶರೀರಶಾಸ್ತ್ರದ ಒಂದು ಸತ್ಯವನ್ನು ಜನ ಒಂದೇ ಪದದಲ್ಲಿ ಕಟ್ಟಿಟ್ಟಿದ್ದಾರೆ. ಸಂಸ್ಕೃತದ ‘ಸುಲೋಚನ’ವಂತೂ ಇನ್ನೂ ಉದಾರವಾದುದು, ಧರಿಸಿದವರನ್ನು ಒಳ್ಳೆಯ ಕಣ್ಣುಳ್ಳವರನ್ನಾಗಿ ಮಾಡುವ ವಸ್ತು ಎಂದು ಅದರ ಭಾವ. ಹುಟ್ಟಿದ ಹೆಣ್ಣು ಕೂಸಿಗೆ ಸುಲೋಚನಾ ಎಂದು ಹೆಸರಿಡುವ ನಮ್ಮ ಸಮಾಜವೇ, ಬೆಳೆದು ನಿಂತ ಹೆಣ್ಣಿನ ಮುಖದ ಮೇಲೆ ಸುಲೋಚನವನ್ನು ಕಂಡರೆ ಹುಬ್ಬು ಗಂಟಿಕ್ಕುತ್ತದೆ.

ಈ ವಸ್ತು ನಮ್ಮ ನಾಡಿಗೆ ಹೊಸದೇನಲ್ಲ. ಇಟಲಿಯಲ್ಲಿ 13ನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಕನ್ನಡಕ ಕೃಷ್ಣದೇವರಾಯನ ಕಾಲಕ್ಕೆ ವಿಜಯನಗರವನ್ನು ಮುಟ್ಟಿತ್ತು. ವ್ಯಾಸತೀರ್ಥರ ಜೀವನವನ್ನು ಕುರಿತು ಸೋಮನಾಥ ಕವಿ ರಚಿಸಿದ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪುವಿನಲ್ಲಿ ಆ ಯತಿಗಳು ‘ಉಪಲೋಚನಗೋಲಕ’ದ ನೆರವಿನಿಂದ ಗ್ರಂಥವನ್ನು ಓದುತ್ತಿದ್ದ ಉಲ್ಲೇಖವಿದೆ. ಪೋರ್ತುಗೀಜರ ಮೂಲಕ ಗೋವೆಯ ಕಡೆಯಿಂದ ಅದು ಬಂದಿರಬೇಕೆಂದು ವಿದ್ವಾಂಸರ ಊಹೆ. ಉಪಲೋಚನವೆಂಬ ಆ ಪದ ಏಕೋ ಬಳಕೆಯಲ್ಲಿ ಉಳಿಯಲಿಲ್ಲ, ಉಳಿದಿದ್ದರೆ ಚೆನ್ನಾಗಿತ್ತು.

ನಮ್ಮ ಕಡೆಯ ಹಳ್ಳಿಗಳಲ್ಲಿ ಕನ್ನಡಕಕ್ಕೆ ಮರ್ಯಾದೆ ಬಂದುದು ನೇತ್ರ ಶಿಬಿರಗಳಿಂದ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಕೇಳದ ಹಿರಿಯರು ಈ ಸೀಮೆಯಲ್ಲಿ ಇರಲಾರರು. ಊರೂರಿಗೆ ಹೋಗಿ, ಶಾಲೆಗಳಲ್ಲಿ, ಮಠಗಳ ಆವರಣದಲ್ಲಿ, ಒಂದೊಂದು ದಿನಕ್ಕೆ ನೂರುಗಟ್ಟಲೆ ಕಣ್ಣುಗಳ ಪೊರೆಯನ್ನು ತೆಗೆದ ಮಹನೀಯರು ಅವರು. 1968ರಲ್ಲಿ ಪದ್ಮಭೂಷಣರಾದರು, 2005ರಲ್ಲಿ ಲಿಂಗೈಕ್ಯರಾದರು. ಹುಬ್ಬಳ್ಳಿಯಲ್ಲಿ ಡಾ. ಎಂ. ಎಂ. ಜೋಶಿಯವರು 1967ರಲ್ಲಿ ಆರಂಭಿಸಿದ ಕಣ್ಣಿನ ಆಸ್ಪತ್ರೆಯೂ ಈ ಭಾಗದ ಬಡವರಿಗೆ ದೊಡ್ಡ ಆಸರೆಯಾಯಿತು. ನನ್ನ ಅಜ್ಜಿಗೆ ಅಂತಹುದೇ ಒಂದು ಶಿಬಿರದಲ್ಲಿ ಪೊರೆಯ ಶಸ್ತ್ರಕ್ರಿಯೆಯಾಯಿತು. ಆಗ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂಡಿಸುವ ಪದ್ಧತಿ ನಮ್ಮ ಶಿಬಿರಗಳಿಗೆ ಬಂದಿರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿಯೇ ಅದನ್ನು ಮಾಡಿ ತೋರಿಸಿದ್ದರೂ ಅದು ನಮ್ಮ ಹಳ್ಳಿಗಳನ್ನು ತಲುಪಲು ದಶಕಗಳೇ ಹಿಡಿದವು. ಪೊರೆಗಟ್ಟಿದ ಸಹಜ ಮಸೂರವನ್ನು ತೆಗೆದಮೇಲೆ ಅದರ ಕೆಲಸವನ್ನೆಲ್ಲ ಹೊರಗಿನ ಗಾಜೇ ಮಾಡಬೇಕಾಗಿತ್ತು. ಹೀಗಾಗಿ ಅಜ್ಜಿಗೆ ಸುಮಾರು ಹತ್ತು ನಂಬರಿನ, ಬಾಟಲಿಯ ತಳದಷ್ಟು ದಪ್ಪನೆಯ ಗಾಜುಗಳು ಬಂದವು. ಅವುಗಳ ಹಿಂದೆ ಆಕೆಯ ಕಣ್ಣುಗಳು ಎಮ್ಮೆಯ ಕಣ್ಣುಗಳಷ್ಟು ದೊಡ್ಡವಾಗಿ ಕಾಣುತ್ತಿದ್ದವು. ನಾವು ಹುಡುಗರು ನಗುತ್ತಿದ್ದೆವು. ಆಕೆ ಮಾತ್ರ ರಾತ್ರಿ ಅದನ್ನು ಎಲೆಯಡಿಕೆಯ ಸಂಚಿಯಲ್ಲಿ, ಸುಣ್ಣ ತಾಗದಂತೆ ಅರಿವೆಯಲ್ಲಿ ಸುತ್ತಿ, ಇಟ್ಟುಕೊಳ್ಳುತ್ತಿದ್ದಳು. ಅಕ್ಕಿಯ ಕಲ್ಲನ್ನು ತಾನೇ ಆರಿಸತೊಡಗಿದ ದಿನ ಓಣಿಯವರನ್ನೆಲ್ಲ ಕರೆದು ತೋರಿಸಿದ್ದಳು.

ನನಗೆ ಕನ್ನಡಕ ಬಂದುದು ಹದಿಮೂರನೆಯ ವಯಸ್ಸಿನಲ್ಲಿ. ಕರಿಹಲಗೆಯ ಮೇಲಿನ ಅಕ್ಷರಗಳು ಕಾಣದೆ, ಪಕ್ಕದ ಹುಡುಗನ ಪಾಟಿಯನ್ನು ನೋಡಿ ಬರೆದುಕೊಳ್ಳುತ್ತಿದ್ದುದನ್ನು ಗಣಿತದ ಗುರುಗಳು ಕಂಡುಹಿಡಿದರು. ಬೇರೆಯವರಾಗಿದ್ದರೆ ನಕಲು ಮಾಡುತ್ತಾನೆಂದು ಹೊಡೆಯುತ್ತಿದ್ದರು. ಅವರು ನನ್ನ ತಂದೆಯವರನ್ನು ಕರೆಯಿಸಿ ಹುಬ್ಬಳ್ಳಿಗೆ ಕಳಿಸಿದರು. ನಮ್ಮ ಶಾಲೆಯ ಉಪಾಧ್ಯಾಯ ಮಿತ್ರರು ಇದನ್ನು ಗಮನಿಸಬೇಕೆಂದು ಬೇಡುತ್ತೇನೆ: ಹಲಗೆಯನ್ನು ನೋಡುವಾಗ ಕಣ್ಣನ್ನು ಕಿರಿದು ಮಾಡುವ, ಮುಂದಿನ ಬೆಂಚಿಗೆ ಬರಲು ಹಾತೊರೆಯುವ ಮಗು ದಡ್ಡನಲ್ಲ, ಅದಕ್ಕೆ ನಂಬರು ಬಂದಿದೆ. ಹಗಲಿನ ಬೆಳಕಿನಲ್ಲಿ ಬಯಲಲ್ಲಿ ಆಡುವ ಮಕ್ಕಳಿಗೆ ಈ ದೋಷ ತಡವಾಗಿ ಬರುತ್ತದೆಂದು ಈಚಿನ ಸಂಶೋಧನೆಗಳು ಸ್ಥಿರಪಡಿಸಿವೆ. ಆಟದ ಪಿರಿಯಡ್ಡನ್ನು ಕಿತ್ತುಕೊಂಡು ಪಾಠಕ್ಕೆ ಬಳಸುವ ನಮ್ಮ ಚಟಕ್ಕೆ ಇದೂ ಒಂದು ಉತ್ತರ.

ಪಠ್ಯಪುಸ್ತಕದಲ್ಲಿ ನನ್ನ ದೋಷಕ್ಕೆ ‘ಸಮೀಪದೃಷ್ಟಿ’ ಎಂದು ಹೆಸರು. ಅದರ ವಿರುದ್ಧದ ದೋಷಕ್ಕೆ ‘ದೂರದೃಷ್ಟಿ’. ಲೋಕದ ಮಾತಿನಲ್ಲಿ ದೂರದೃಷ್ಟಿ ಗುಣ, ವೈದ್ಯದಲ್ಲಿ ಅದು ರೋಗ! ಅದೇನೇ ಇರಲಿ, ನನ್ನ ನಂಬರು ಮೈನಸ್ ನಾಲ್ಕು. ಇದರ ಅರ್ಥವನ್ನು ಒಬ್ಬ ನೇತ್ರವೈದ್ಯರು ನನಗೆ ಬಲು ಸುಲಭವಾಗಿ ತಿಳಿಸಿದರು. ಒಂದು ಮೀಟರನ್ನು ನಾಲ್ಕರಿಂದ ಭಾಗಿಸಿದರೆ 25 ಸೆಂಟಿಮೀಟರು. ಕನ್ನಡಕವಿಲ್ಲದೆ ನನಗೆ ಸ್ಪಷ್ಟವಾಗಿ ಕಾಣುವ ಅತ್ಯಂತ ದೂರದ ಸ್ಥಳ ಅದು, ಒಂದು ಗೇಣಿಗಿಂತ ತುಸು ಹೆಚ್ಚು. ಯೌವನದಲ್ಲಿ ಇದು ನನಗೆ ಕೊರತೆಯಾಗಿತ್ತು. ಐವತ್ತು ದಾಟಿದ ಮೇಲೆ ಇದೇ ಸಿರಿಯಾಯಿತು. ಏಕೆಂದರೆ ಪುಸ್ತಕವನ್ನು ಹಿಡಿದು ಓದುವ ದೂರವೂ ಅಷ್ಟೇ. ನನ್ನ ಓರಗೆಯ ಮಿತ್ರರು, ಹುಟ್ಟಿದಾಗಿನಿಂದ ಹದ್ದಿನ ಕಣ್ಣಿನವರು, ಈಗ ಲಗ್ನಪತ್ರಿಕೆಯನ್ನು ಓದಲು ಚಾಳೀಸು ಹುಡುಕಿಕೊಂಡು ಮನೆಯೆಲ್ಲ ತಿರುಗುತ್ತಾರೆ. ನಾನು ನನ್ನದನ್ನು ಹಣೆಯ ಮೇಲೇರಿಸಿ, ಹಳೆಯ ಮುದ್ರಣದ ಅಡಿಟಿಪ್ಪಣಿಯ ಸಣ್ಣಕ್ಷರಗಳನ್ನು ಬರಿಗಣ್ಣಿನಿಂದ ಓದುತ್ತೇನೆ. ವಿದ್ವತ್ ಪರೀಕ್ಷೆಗೆ ಓದುವಾಗ ನನ್ನನ್ನು ಅಣಕಿಸಿದ್ದ ಕಣ್ಣುಗಳು ಈಗ ನನ್ನ ಪಾಂಡಿತ್ಯವನ್ನು ಸಾಕುತ್ತಿವೆ.

ಮಕ್ಕಳಿಬ್ಬರಿಗೂ ಈ ಪಿತ್ರಾರ್ಜಿತ ಬಂದಿತು. ಮಗನಿಗೆ ಮೈನಸ್ ಮೂರು, ಮಗಳಿಗೆ ಮೈನಸ್ ಆರೂವರೆ. ಮಗಳು ಎಂ.ಎಸ್‌ಸಿ., ಬಿ.ಎಡ್. ಮುಗಿಸಿ ನವಲಗುಂದ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಆಕೆಗೆ ಇಪ್ಪತ್ತಾರು ತುಂಬಿದ ವರ್ಷ ಒಂದು ಸಂಬಂಧ ಬಂದಿತು. ಒಳ್ಳೆಯ ಮನೆತನ. ಕನ್ಯಾ ನೋಡಿ, ಉಪ್ಪಿಟ್ಟು ಚಹಾ ಆದ ಮೇಲೆ ವರನ ಕಡೆಯ ಹಿರಿಯರೊಬ್ಬರು ನನ್ನನ್ನು ಪಡಸಾಲೆಯ ಒಂದು ಬದಿಗೆ ಕರೆದು, “ಪಂಡಿತರ, ಹುಡುಗಿ ಲಕ್ಷಣ ಅದಾಳ, ಕಲ್ತಾಳ, ಎಲ್ಲಾ ಚಲೋನ ಐತ್ರಿ. ಚಸ್ಮಾ ಒಂದು ತಗಿಸಿಬಿಟ್ರ ಮುಂದಿನ ಮಾತು ಆಡೂಣು” ಎಂದರು. ಅವರು ಕಟುವಾಗಿ ಹೇಳಲಿಲ್ಲ. ಬಾಗಿಲಿಗೆ ಬಣ್ಣ ಬಳಿಸಿರೆಂದು ಹೇಳುವಷ್ಟು ಸಹಜವಾಗಿ ಹೇಳಿದರು. ಅವರು ಹೋದ ಮೇಲೆ ಮಗಳು ಪಾತ್ರೆಗಳನ್ನು ಒಳಗಿಡುತ್ತ ಅಂದ ಮಾತು ನನ್ನಲ್ಲಿ ನಿಂತುಹೋಗಿದೆ: “ಅಪ್ಪಾ, ಚಸ್ಮಾ ತಗಸ್ರಿ ಅಂದ್ರು. ಅದಿಲ್ದ ನನಗ ಏನು ಕಾಣಸ್ತದ, ಏನು ಕಾಣಂಗಿಲ್ಲ ಅಂತ ಒಬ್ಬರೂ ಕೇಳಲಿಲ್ಲ.”

ಆರೂವರೆ ನಂಬರೆಂದರೆ ಸುಮಾರು 15 ಸೆಂಟಿಮೀಟರಿನಾಚೆ ಲೋಕವೆಲ್ಲ ಮಂಜು. ಇದನ್ನು ಕನ್ನಡಕವಿಲ್ಲದವರು ಊಹಿಸುವುದು ಕಷ್ಟ.

ಮನೆಯ ಹೆಂಗಸರು ಒಂದು ನಡುದಾರಿಯನ್ನು ಸೂಚಿಸಿದರು: ಕಾಂಟ್ಯಾಕ್ಟ್ ಲೆನ್ಸ್. ಮೆತ್ತನೆಯ ಈ ಮಸೂರದ ಹುಟ್ಟು ಸೊಗಸಾದ ಕಥೆ. ಚೆಕ್ ದೇಶದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ ಎಂಬವರು 1961ರಲ್ಲಿ ತಮ್ಮ ಮನೆಯಲ್ಲಿಯೇ, ಮಕ್ಕಳ ಆಟಿಕೆಯ ಜೋಡಣೆ ಸಾಮಾನು ಹಾಗೂ ಸೈಕಲ್ಲಿನ ಡೈನಮೊ ಬಳಸಿ ಕಟ್ಟಿದ ಯಂತ್ರದಲ್ಲಿ ನೀರು ಹೀರಿಕೊಳ್ಳುವ ಪ್ಲಾಸ್ಟಿಕ್ಕಿನಿಂದ ಇದನ್ನು ತಿರುಗಿಸಿ ತೆಗೆದರು. ಮಗಳು ಮೂರು ತಿಂಗಳು ಇದನ್ನು ಧರಿಸಿದಳು. ಹೆಚ್ಚು ನಂಬರಿನವರಿಗೆ ಕನ್ನಡಕದಲ್ಲಿ ವಸ್ತುಗಳು ಚಿಕ್ಕವಾಗಿ ಕಾಣುತ್ತವೆ. ಲೆನ್ಸಿನಲ್ಲಿ ಅವು ತಮ್ಮ ನಿಜಗಾತ್ರಕ್ಕೆ ಹತ್ತಿರವಾಗಿ, ಅಂಚಿನವರೆಗೂ ಸ್ಪಷ್ಟವಾಗಿ ಕಾಣುತ್ತವೆಂದು ಆಕೆ ಮೊದಲ ದಿನ ಹಿಗ್ಗಿದಳು. ಅದು ಸುಳ್ಳಲ್ಲ. ಕಾರ್ನಿಯಾ ಎಂಬ ಕಣ್ಣಿನ ಮುಂಭಾಗದ ಪಾರದರ್ಶಕ ಪದರು ಶಂಕುವಿನಂತೆ ಮುಂದಕ್ಕೆ ಬಾಗುವ ರೋಗವುಳ್ಳವರಿಗೆ ಗಟ್ಟಿ ಲೆನ್ಸು ಅಲಂಕಾರವಲ್ಲ, ಅದೇ ಕಣ್ಣು.

ಆದರೆ ನಮ್ಮ ನೆಲ ಎರೆಯ ನೆಲ. ಬೇಸಿಗೆಯಲ್ಲಿ ನವಲಗುಂದದ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತು ಬಂದವರಿಗೆ ಆ ಕರಿಧೂಳಿನ ಪರಿಚಯವಿದೆ. ಧೂಳಿನ ಒಂದು ಕಣ ಲೆನ್ಸಿನ ಕೆಳಗೆ ಸಿಕ್ಕಿತೆಂದರೆ ಬಸ್ಸಿನಲ್ಲಿ ಕೈ ತೊಳೆಯುವುದೆಲ್ಲಿ? ಕೊಳವೆಬಾವಿಯ ನೀರು ಉಪ್ಪು. ಕುಡಿಯಲು ಕೆರೆಯ ನೀರನ್ನೇ ನಂಬಿದ ಊರುಗಳು ನಮ್ಮವು. ಲೆನ್ಸಿಗಾದರೋ ಕೆರೆಯ ನೀರು, ನಲ್ಲಿಯ ನೀರು ಎರಡೂ ತಾಗಕೂಡದು. ನೀರಿನಲ್ಲಿರುವ ಅಮೀಬಾ ಜಾತಿಯ ಒಂದು ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಔಷಧಿಗೂ ಜಗ್ಗುವುದಿಲ್ಲ. ಧರಿಸಿಕೊಂಡು ಮಲಗಿದರೆ ಹುಣ್ಣಾಗುವ ಅಪಾಯ ಹಲವು ಮಡಿ ಹೆಚ್ಚುತ್ತದೆ. ಜೋಳದ ರವುದಿ ತಾಗಿ, ಬೂಷ್ಟಿನ ಸೋಂಕು ಹತ್ತಿ, ‘ಕಣ್ಣಾಗ ಹೂ ಬಿದ್ದು’ ನೋಟ ಕಳೆದುಕೊಂಡ ರೈತರನ್ನು ನಾವು ಕಂಡವರು. ಕಾರ್ನಿಯಾದ ಹುಣ್ಣು ಎಂಥದೆಂಬುದನ್ನು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಕೊನೆಗೆ ಕುಂದಗೋಳದ ಕಡೆಯ ನೆಂಟರ ಮನೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕುಳಿತ ದಿನ ಮಗಳ ಲೆನ್ಸಿನ ವ್ಯವಹಾರ ಮುಗಿಯಿತು. ಸೋಪಿನಿಂದ ಮೂರು ಸಲ ಕೈ ತೊಳೆದಿದ್ದಳಂತೆ. ಸಂಜೆ ಲೆನ್ಸನ್ನು ತೆಗೆಯಲು ಬೆರಳು ತಾಗಿಸಿದ್ದೇ ತಡ, ಆ ಮನೆಯವರೆಲ್ಲ ಓಡಿ ಬರುವಂತೆ ಕೂಗಿಕೊಂಡಳು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಅನುಕೂಲವಾಗಿರಬಹುದು. ಈ ಮಣ್ಣಿನಲ್ಲಿ, ಈ ನೀರಿನಲ್ಲಿ, ಈ ಬೆಳೆಯ ನಡುವೆ ಅದು ನಿಲ್ಲಲಿಲ್ಲ.

ಉಳಿದುದು ಲೇಸರ್. ಇದರ ಮೂಲದಲ್ಲಿ ನಮ್ಮ ದಕ್ಷಿಣದೇಶದವರೊಬ್ಬರು ಇದ್ದಾರೆಂಬುದನ್ನು ಓದಿ ನನಗೆ ಹೆಮ್ಮೆಯೆನಿಸಿತು. ಮದ್ರಾಸಿನಲ್ಲಿ ಓದಿ ಅಮೆರಿಕೆಗೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಎಂಬವರು ಐ.ಬಿ.ಎಂ. ಸಂಸ್ಥೆಯ ಪ್ರಯೋಗಾಲಯದಲ್ಲಿದ್ದಾಗ, 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಣುಕಿನ ಮೇಲೆ ಎಕ್ಸೈಮರ್ ಎಂಬ ನೇರಳಾತೀತ ಲೇಸರನ್ನು ಹಾಯಿಸಿ ನೋಡಿದರು. ಸುತ್ತಲಿನ ಭಾಗ ಸುಡದೆ, ಗೆರೆ ಕೊರೆದಂತೆ ಅಚ್ಚುಕಟ್ಟಾಗಿ ಮಾಂಸ ಕಳಚಿತು. ನ್ಯೂಯಾರ್ಕಿನ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಡನೆ ಸೇರಿ 1983ರಲ್ಲಿ ಕಾರ್ನಿಯಾವನ್ನು ಹೀಗೆ ಕೊರೆಯಬಹುದೆಂಬುದನ್ನು ಪ್ರಕಟಿಸಿದರು. ಈ ಚಿಕಿತ್ಸೆ ಕಣ್ಣನ್ನು ‘ಬಲಪಡಿಸುವುದಿಲ್ಲ’. ಕಾರ್ನಿಯಾದ ನಡುಭಾಗವನ್ನು ತೆಳ್ಳಗೆ ಕೊರೆದು ಅದರ ಉಬ್ಬನ್ನು ತಗ್ಗಿಸುತ್ತದೆ, ಅಷ್ಟೆ. ಕನ್ನಡಕದ ಗಾಜಿನಲ್ಲಿ ತೋಡಬೇಕಾದ ತಗ್ಗನ್ನು ಕಣ್ಣಿನಲ್ಲಿಯೇ ತೋಡಿದಂತೆ.

ಮಗನೇ ಮೊದಲು ಮಾಡಿಸಿಕೊಂಡನು. ಬೆಂಗಳೂರಿನಲ್ಲಿ ನೌಕರಿ, ಮೋಟಾರು ಸೈಕಲ್ಲಿನ ತಿರುಗಾಟ, ಮಳೆಯಲ್ಲಿ ಕನ್ನಡಕ ಒರೆಸುವ ಬೇಸರ. ಅವನಿಗೆ ಅದು ಬೇಕಾಗಿತ್ತು. ವಯಸ್ಸು ಹದಿನೆಂಟು ದಾಟಿರಬೇಕು, ನಂಬರು ಒಂದು ವರ್ಷವಾದರೂ ಬದಲಾಗದೆ ನಿಂತಿರಬೇಕು, ಎರಡೂ ಸರಿಯಿದ್ದವು. ಎರಡು ಕಣ್ಣುಗಳಿಗೂ ಸೇರಿ ಅರ್ಧ ಗಂಟೆಯ ಕೆಲಸ, ಲೇಸರಿನ ಕಿರಣ ಮಾತ್ರ ಕಣ್ಣೊಂದಕ್ಕೆ ಒಂದು ನಿಮಿಷವೂ ಇಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದಲೇ ಗೋಡೆಯ ಗಡಿಯಾರವನ್ನು ಓದಿ, ದೂರವಾಣಿಯಲ್ಲಿ ತಾಯಿಗೆ ವೇಳೆ ಹೇಳಿದನು. ಮೂರು ತಿಂಗಳು ಕಣ್ಣು ಒಣಗುತ್ತಿತ್ತು, ಹನಿ ಹಾಕಿಕೊಳ್ಳುತ್ತಿದ್ದನು. ರಾತ್ರಿ ಎದುರು ಬರುವ ಲಾರಿಗಳ ದೀಪದ ಸುತ್ತ ಪ್ರಭಾವಳಿ ಕಾಣುತ್ತದೆಂದು ಆ ದಿನಗಳಲ್ಲಿ ಇರುಳು ಪ್ರಯಾಣವನ್ನು ಬಿಟ್ಟಿದ್ದನು. ಈಗ ಸುಖವಾಗಿದ್ದಾನೆ. ಅವನ ಸಂತೋಷವನ್ನು ಕಂಡವನು ಲೇಸರನ್ನು ಹಳಿಯಲಾರೆ.

ಮಗಳನ್ನು ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆ. ಅರ್ಧ ದಿನ ಪರೀಕ್ಷೆಗಳು ನಡೆದವು. ಕಾರ್ನಿಯಾದ ದಪ್ಪ ಅಳೆದರು, ಅದರ ಏರುತಗ್ಗುಗಳ ನಕ್ಷೆ ತೆಗೆದರು, ಕಣ್ಣೀರಿನ ಪ್ರಮಾಣ ನೋಡಿದರು, ಹನಿ ಹಾಕಿ ಅಕ್ಷಿಪಟಲವನ್ನು ಪರೀಕ್ಷಿಸಿದರು. ಆಮೇಲೆ ವೈದ್ಯರು ಒಂದು ಕಾಗದದ ಮೇಲೆ ಕೂಡಿಸಿ ಕಳೆದು ತೋರಿಸಿದ ಲೆಕ್ಕ ಇದು. ಸಾಮಾನ್ಯವಾಗಿ ಕಾರ್ನಿಯಾದ ದಪ್ಪ ಸುಮಾರು 540 ಮೈಕ್ರಾನು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಈಕೆಯದು 478. ಮೇಲಿನ ಪದರನ್ನು ಮುಚ್ಚಳದಂತೆ ಎತ್ತಲು ಸುಮಾರು 110 ಬೇಕು. ಒಂದೊಂದು ನಂಬರಿಗೆ ಹೆಚ್ಚು ಕಡಮೆ 15ರಂತೆ ಆರೂವರೆಗೆ 95ರಷ್ಟು ಕೊರೆಯಬೇಕು. ಉಳಿಯುವುದು 273. ಪುಸ್ತಕದ ಕನಿಷ್ಠ ಮಿತಿ 250 ಆದರೂ, ಈಕೆಯ ನಕ್ಷೆಯಲ್ಲಿ ಬಲಗಣ್ಣಿನ ಕೆಳಭಾಗ ಸಮವಾಗಿಲ್ಲ. ಅಂಥ ಕಣ್ಣನ್ನು ಕೊರೆದರೆ ಮುಂದೆ ಅದು ಶಂಕುವಿನಂತೆ ಉಬ್ಬಬಹುದು. “ನಾನು ಮಾಡಂಗಿಲ್ರಿ, ಬೇರೆಯವರು ಮಾಡ್ತೀನಿ ಅಂದ್ರೂ ಮಾಡಿಸಬ್ಯಾಡ್ರಿ” ಎಂದರು. ವರ್ಷಕ್ಕೊಮ್ಮೆ ನಕ್ಷೆ ತೆಗೆಸಬೇಕು, ಕಣ್ಣನ್ನು ಎಂದೂ ಉಜ್ಜಬಾರದು ಎಂದು ಮಗಳಿಗೆ ಬೇರೆಯಾಗಿ ಹೇಳಿದರು. ದುಡ್ಡು ಬರುವ ಕೆಲಸವನ್ನು ಬೇಡವೆಂದ ಆ ವೈದ್ಯರಿಗೆ ನಾನು ಕೈಮುಗಿದು ಬಂದೆ.

ಇನ್ನೊಂದು ದಾರಿಯನ್ನೂ ಅವರು ಮುಚ್ಚಿಡಲಿಲ್ಲ: ಕಾರ್ನಿಯಾವನ್ನು ಕೊರೆಯದೆ, ಕಣ್ಣಿನ ಒಳಗೆ, ಸಹಜ ಮಸೂರದ ಮುಂದೆ ಇನ್ನೊಂದು ಮಸೂರವನ್ನು ಇಡುವುದು. ವೆಚ್ಚ ಬಹಳ, ಕಣ್ಣನ್ನು ತೆರೆಯಬೇಕಾಗುತ್ತದೆ. ಮಗಳು ಬಸ್ಸಿನಲ್ಲಿ ಬರುವಾಗ ನಕ್ಕು, “ಹೊರಗಿನ ಚಸ್ಮಾ ತಗೀಲಿಕ್ಕೆ ಒಳಗೊಂದು ಚಸ್ಮಾ ಇಡೂದೇನಪ್ಪಾ?” ಎಂದಳು. ಮತ್ತೆ ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಳು.

ಅಲ್ಲಿಂದ ಬರುವಾಗ ಕನ್ನಡಕದ ಅಂಗಡಿಯಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿ ಇಳಿದಿದ್ದೆವು. ಲೇಸರಿನಿಂದ ನಿನ್ನ ವ್ಯಾಪಾರಕ್ಕೆ ಪೆಟ್ಟು ಬಿದ್ದಿರಬೇಕಲ್ಲವೆ ಎಂದು ಕೇಳಿದೆ. ಅವನೆಂದನು: “ಇಲ್ರಿ ಗುರುಗಳ. ಇಪ್ಪತ್ತೈದಕ್ಕ ಹೋದವರು ನಲವತ್ತೈದಕ್ಕ ತಿರುಗಿ ಬರ್ತಾರ.” ಹಳಬರ ಚಾಳೀಸು ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ. ದೂರದ ನೋಟವನ್ನು ತಿದ್ದಿಸಿಕೊಂಡ ನನ್ನ ಮಗನಿಗೆ ಆ ವಯಸ್ಸಿನಲ್ಲಿ ಓದಲು ಗಾಜು ಬೇಕೇಬೇಕು. ಕನ್ನಡಕವನ್ನು ಹಣೆಗೇರಿಸಿ ಬರಿಗಣ್ಣಿನಿಂದ ಓದುವ ನನ್ನ ಸುಖ ಅವನಿಗಿಲ್ಲ. ಅಕ್ಷಿಪಟಲದ ದೌರ್ಬಲ್ಯವೂ ಲೇಸರಿನಿಂದ ಹೋಗುವುದಿಲ್ಲವಾದ್ದರಿಂದ, ಕಣ್ಣ ಮುಂದೆ ಮಿಂಚು ಹೊಡೆದಂತಾದರೆ, ಕರಿಚುಕ್ಕೆಗಳು ಒಮ್ಮೆಲೆ ಹೆಚ್ಚಿದರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ಇದನ್ನು ಮಗನಿಗೂ ಮಗಳಿಗೂ ಸಮನಾಗಿ ಹೇಳಿದ್ದೇನೆ.

ಮಗನ ಮದುವೆಯ ಮಾತು ನಡೆದಾಗ, ಅವನು ಇನ್ನೂ ಕನ್ನಡಕ ಧರಿಸುತ್ತಿದ್ದ ಕಾಲದಲ್ಲಿಯೇ ನಡೆದುದು, ಕನ್ಯೆಯ ಕಡೆಯವರಲ್ಲಿ ಒಬ್ಬರಾದರೂ ಆ ಕುರಿತು ಕೇಳಿರಲಿಲ್ಲ. ಗಂಡಿನ ಮುಖದ ಮೇಲೆ ಕನ್ನಡಕ ವಿದ್ಯೆಯ ಗುರುತು. ಅವನು ತನ್ನ ಅನುಕೂಲಕ್ಕಾಗಿ ಮಾಡಿಸಿಕೊಂಡನು. ಮಗಳಾದರೋ ಬೇರೆಯವರ ಕಣ್ಣಿಗೆ ಒಪ್ಪುವಂತೆ ತನ್ನ ಕಣ್ಣನ್ನು ಕೊರೆಯಿಸಿಕೊಳ್ಳಬೇಕಾಗಿತ್ತು. ಆಕೆಗೆ ಬೇಕೆನಿಸಿ, ಕಾರ್ನಿಯಾವೂ ಗಟ್ಟಿಯಿದ್ದು, ಆಕೆಯೇ ಹೋಗಿ ಮಾಡಿಸಿಕೊಂಡು ಬಂದಿದ್ದರೆ ನಾನು ಪೇಡೆ ಹಂಚುತ್ತಿದ್ದೆ. ವರನ ಕಡೆಯವರಿಗೆ ವೈದ್ಯರ ಅಭಿಪ್ರಾಯವನ್ನು ಇದ್ದಂತೆ ತಿಳಿಸಿದೆ. ಮುಂದಿನ ಮಾತು ಬರಲಿಲ್ಲ.

ಆ ಅಂಗಡಿಯಲ್ಲಿ ಮಗಳು ಹೊಸ ಕನ್ನಡಕಕ್ಕೆ ಅಳತೆ ಕೊಟ್ಟು ಬಂದಿದ್ದಳು. ಆರೂವರೆ ನಂಬರಾದರೂ ತೆಳ್ಳಗೆ ಬರುವ ಗಾಜು, ಅಂಚಿನ ದಪ್ಪ ಕಾಣದಂತೆ ಚಿಕ್ಕ ಚೌಕಟ್ಟು. ಅಜ್ಜಿಯ ಬಾಟಲಿಯ ಗಾಜನ್ನು ಕಂಡ ನನಗೆ ಅದೊಂದು ವಿಸ್ಮಯ. ಶಾಲೆಯಲ್ಲಿ ಬೆಳಕಿನ ವಕ್ರೀಭವನದ ಪಾಠ ಬಂದಾಗ ಆಕೆ ತನ್ನ ಹಳೆಯ ಕನ್ನಡಕವನ್ನು ಮಕ್ಕಳ ಕೈಗೆ ಕೊಟ್ಟು ನಿಮ್ನ ಮಸೂರವನ್ನು ತೋರಿಸುತ್ತಾಳಂತೆ. ಆ ತರಗತಿಯಲ್ಲಿ ಹಲಗೆ ಕಾಣದ ಇಬ್ಬರು ಹುಡುಗಿಯರನ್ನು ಆಕೆಯೇ ಗುರುತಿಸಿ ತಾಲೂಕು ಆಸ್ಪತ್ರೆಗೆ ಕಳಿಸಿದಳು. ಒಬ್ಬಳ ತಾಯಿ ಮಾತ್ರ, ಈಗಲೇ ಚಸ್ಮಾ ಹಾಕಿದರೆ ಮುಂದೆ ಹೇಗೆಂದು ಶಾಲೆಗೇ ಬಂದು ಅತ್ತುಹೋದಳಂತೆ.

ಬರುವ ಸೋಮವಾರ ಇನ್ನೊಂದು ಕಡೆಯವರು ಕನ್ಯಾ ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದಾರೆ. ಚಸ್ಮಾ ಹಾಕಿಕೊಂಡೇ ಕೂಡುತ್ತೇನೆ, ತೆಗೆಸುವ ಮಾತು ಇಲ್ಲವೆಂದು ಅವರಿಗೆ ಮೊದಲೇ ತಿಳಿಸಿರಿ ಎಂದು ಮಗಳು ಹೇಳಿದಳು. ತಿಳಿಸಿದ್ದೇನೆ. ಬರುತ್ತೇವೆಂದಿದ್ದಾರೆ.